ಪೆಟ್ಟಿಗೆಯೊಳಗೆ: ರ‍್ಯಾಮ್ ಎರಡು, ಸ್ಲಾಟ್ ನಾಲ್ಕು

ಪ್ರಶ್ನೆ: ಅಕ್ಕಾ, ನಮಸ್ಕಾರ. ಸಿದ್ದಾಪುರದ ಹತ್ತಿರ ಸಣ್ಣ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆ ಕರೆಯೋಲೆ, ಫ್ಲೆಕ್ಸ್ ಡಿಸೈನ್, ಪಾಸ್‌ಪೋರ್ಟ್ ಸೈಜ್ ಫೋಟೋ ಎಲ್ಲ ಮಾಡುತ್ತೇನೆ. ಅಸೆಂಬಲ್ ಮಾಡಿಸಿದ ಕಂಪ್ಯೂಟರ್. ರೈಜೆನ್ 5 5600ಜಿ, ಬಿ550 ಬೋರ್ಡ್, ಎಸ್‌ಎಸ್‌ಡಿ ಇದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. 8 ಜಿಬಿ ರ‍್ಯಾಮ್ ಇತ್ತು. ಫ್ಲೆಕ್ಸ್ ಫೈಲ್ ತೆರೆದರೆ ಎಳೆದಾಡುತ್ತದೆ ಎಂದು ಅದೇ ಕಂಪನಿಯ, ಅದೇ 3200ರ ಇನ್ನೊಂದು 8 ಜಿಬಿ ತಂದೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್. ಹಳೆಯದು ಎರಡನೆಯದರಲ್ಲಿತ್ತು, ತಮ್ಮ ಹೊಸದನ್ನು ಅದರ ಪಕ್ಕ, ಪ್ರಾಸೆಸರಿಗೆ ತೀರ ಹತ್ತಿರದ ಸ್ಲಾಟಿಗೆ ಹಾಕಿದ. ಕೊಟ್ಟ ಅಂಗಡಿಯವರು ‘ಯಾವುದಕ್ಕೆ ಹಾಕಿದರೂ ಒಂದೇ’ ಅಂದಿದ್ದರು. ಮೊದಲಿಗಿಂತ ಪರವಾಗಿಲ್ಲ, ಆದರೆ ದೊಡ್ಡ ಫೈಲ್ ಜೂಮ್ ಮಾಡಿದರೆ ಈಗಲೂ ತಡವರಿಸುತ್ತದೆ. 16 ಜಿಬಿ ಹಾಕಿದ್ದಕ್ಕೆ 15.4 ಎಂದು ತೋರಿಸುತ್ತದೆ, ವೇಗ 2400 ಅನ್ನುತ್ತದೆ. ಮೋಸ ಹೋದೆನೇ? ಗ್ರಾಫಿಕ್ಸ್ ಕಾರ್ಡ್ ತರಲೇಬೇಕೇ?

ಉತ್ತರ: ಏನೂ ತರಬೇಡಿ. ಹೊಸ ರ‍್ಯಾಮನ್ನು ಮೊದಲನೆಯ ಸ್ಲಾಟಿನಿಂದ ತೆಗೆದು ನಾಲ್ಕನೆಯದಕ್ಕೆ ಹಾಕಿ. ಎರಡನೆಯದರಲ್ಲಿರುವ ಹಳೆಯದನ್ನು ಮುಟ್ಟುವುದೇ ಬೇಡ. ಎಣಿಸುವುದು ಪ್ರಾಸೆಸರ್ ಕಡೆಯಿಂದ. ನಮ್ಮ ಕಡೆ ಇಡೀ ಪೆಟ್ಟಿಗೆಗೇ ಸಿಪಿಯು ಅನ್ನುವ ರೂಢಿ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ: ಬೋರ್ಡಿನ ನಡುವೆ ಫ್ಯಾನ್ ಕೂತಿದೆಯಲ್ಲ, ಅದರ ಕೆಳಗಿರುವುದು ಪ್ರಾಸೆಸರ್. ಅದಕ್ಕೆ ತಾಗಿದಂತಿರುವುದು ಒಂದು, ಅಂಚಿನ ಕಡೆಯದು ನಾಲ್ಕು.

ನಿಮ್ಮ ತಮ್ಮನದು ತಪ್ಪಲ್ಲ. ಪಕ್ಕದಲ್ಲಿ ಜಾಗ ಇದೆ, ಹಾಕಿದ, ಕಂಪ್ಯೂಟರ್ ಚಾಲೂ ಆಯಿತು. ಶಿರಸಿಯಲ್ಲಿ ನನ್ನ ಮೇಜಿಗೆ ರಿಪೇರಿಗೆ ಬರುವ ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಹೀಗೆ ಅಕ್ಕಪಕ್ಕ ಕೂತ ಜೋಡಿಯನ್ನು ಎಷ್ಟೋ ಸಲ ನೋಡಿದ್ದೇನೆ. ‘ಯಾವುದಕ್ಕೆ ಹಾಕಿದರೂ ಒಂದೇ’ ಎಂಬ ಮಾತು ನನ್ನನ್ನು ನೋಯಿಸುವುದು ಇದಕ್ಕೇ. ದುಡ್ಡು ಕೊಟ್ಟು ತಂದ ವಸ್ತುವಿನ ಅರ್ಧ ಶಕ್ತಿ ಪೆಟ್ಟಿಗೆಯೊಳಗೇ ಸುಮ್ಮನೆ ಬಿದ್ದಿರುತ್ತದೆ, ಕೊಂಡವರಿಗೆ ಅದು ಗೊತ್ತೇ ಆಗುವುದಿಲ್ಲ.

ನಾಲ್ಕು ಸ್ಲಾಟ್ ಕಂಡರೂ ಪ್ರಾಸೆಸರಿನಿಂದ ರ‍್ಯಾಮಿಗೆ ಹೋಗುವ ದಾರಿ ನಾಲ್ಕಲ್ಲ, ಎರಡೇ. ಇವಕ್ಕೆ ಚಾನೆಲ್ ಎನ್ನುತ್ತಾರೆ. ಒಂದು ಮತ್ತು ಎರಡನೆಯ ಸ್ಲಾಟ್ ‘ಎ’ ಚಾನೆಲಿನವು, ಮೂರು ಮತ್ತು ನಾಲ್ಕನೆಯವು ‘ಬಿ’ ಚಾನೆಲಿನವು. ಸ್ಲಾಟಿನ ತುದಿಯಲ್ಲಿ ಬೋರ್ಡಿನ ಮೇಲೇ ಸಣ್ಣ ಅಕ್ಷರದಲ್ಲಿ ಎ1, ಎ2, ಬಿ1, ಬಿ2 ಎಂದು ಅಚ್ಚಾಗಿರುತ್ತದೆ, ಮೊಬೈಲ್ ಟಾರ್ಚ್ ಹಿಡಿದರೆ ಕಾಣುತ್ತದೆ. ಒಂದೊಂದು ಚಾನೆಲಿನಲ್ಲೂ ಡೇಟಾ ಹರಿಯುವ ತಂತಿಗಳು 64. ಡಿಡಿಆರ್4 (ನಿಮ್ಮ ರ‍್ಯಾಮಿನ ಪೀಳಿಗೆಯ ಹೆಸರು) 3200 ಎಂದರೆ ಒಂದೊಂದು ತಂತಿಯಲ್ಲಿ ಸೆಕೆಂಡಿಗೆ 320 ಕೋಟಿ ಬಿಟ್. ಲೆಕ್ಕ ಹಾಕಿದರೆ ಒಂದು ಚಾನೆಲಿನಲ್ಲಿ ಸೆಕೆಂಡಿಗೆ 25.6 ಜಿಬಿ, ಎರಡರಲ್ಲೂ ಹರಿದರೆ 51.2 ಜಿಬಿ. ನಿಮ್ಮ ಎರಡೂ ರ‍್ಯಾಮ್ ಈಗ ‘ಎ’ ಒಂದರಲ್ಲೇ ಕೂತಿವೆ. 16 ಜಿಬಿ ಜಾಗ ಸಿಕ್ಕಿದೆ, ಆದರೆ ದಾರಿ 8 ಜಿಬಿ ಇದ್ದಾಗ ಇದ್ದಷ್ಟೇ ಅಗಲ. ‘ಬಿ’ ದಾರಿ ಖಾಲಿ ಬಿದ್ದಿದೆ.

ನಿಮ್ಮ ಕಂಪ್ಯೂಟರಿಗೆ ಇದು ಬೇರೆಯವರಿಗಿಂತ ಹೆಚ್ಚು ತಟ್ಟುತ್ತದೆ. 5600ಜಿಯ ಗ್ರಾಫಿಕ್ಸ್ ಪ್ರಾಸೆಸರಿನ ಒಳಗೇ ಇದೆ, ಅದಕ್ಕೆ ಸ್ವಂತದ ಮೆಮೊರಿ ಇಲ್ಲ. ಪರದೆಯ ಮೇಲೆ ಬರೆಯುವ ಪ್ರತಿಯೊಂದು ಚಿತ್ರಕ್ಕೂ ಅದು ಇದೇ ರ‍್ಯಾಮನ್ನು, ಇದೇ ದಾರಿಯನ್ನು ಬಳಸಬೇಕು. ಕಾಣೆಯಾದ ಅರ್ಧ ಜಿಬಿಯ ಗುಟ್ಟೂ ಇದೇ. ಅಷ್ಟನ್ನು ಗ್ರಾಫಿಕ್ಸ್ ತನ್ನ ಪಾಲಿಗೆ ತೆಗೆದಿಟ್ಟುಕೊಂಡಿದೆ, ಉಳಿದ 15.4ನ್ನು ವಿಂಡೋಸ್ ತೋರಿಸುತ್ತಿದೆ. ಅದರಲ್ಲಿ ಯಾರ ಮೋಸವೂ ಇಲ್ಲ.

ಇಷ್ಟು ಹೇಳಿದರೆ ‘ಹಾಗಾದರೆ ಒಂದು ಮತ್ತು ಮೂರಕ್ಕೆ ಹಾಕಿದರೂ ಆಯಿತಲ್ಲ, ಎರಡೂ ಚಾನೆಲ್ ಸಿಕ್ಕಿತು’ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ದಾರಿ ಎರಡೂ ಸಿಗುತ್ತವೆ, ನಿಜ. ಆದರೂ ಎರಡು ಮತ್ತು ನಾಲ್ಕು ಎಂದೇ ನಾನು ಹಟ ಹಿಡಿಯುತ್ತೇನೆ.

ಈಗಿನ ಹೆಚ್ಚಿನ ಬೋರ್ಡುಗಳಲ್ಲಿ ಒಂದು ಚಾನೆಲಿನ ತಂತಿಗಳು ಪ್ರಾಸೆಸರಿನಿಂದ ಹೊರಟು ಆ ಚಾನೆಲಿನ ಮೊದಲ ಸ್ಲಾಟನ್ನು (ಎ1 ಅಥವಾ ಬಿ1) ಮುಟ್ಟಿ, ಅಲ್ಲಿಂದ ಮುಂದೆ ಹೋಗಿ ಅದರ ಎರಡನೆಯ ಸ್ಲಾಟಿನಲ್ಲಿ (ಎ2 ಅಥವಾ ಬಿ2) ಮುಗಿಯುತ್ತವೆ. ಬಾವಿಯ ಹಗ್ಗವನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿ ಒಂದು ತುದಿ ಹಿಡಿದು ಜೋರಾಗಿ ಒದರಿ ನೋಡಿ. ಅಲೆಯೊಂದು ಹೊರಟು ಆ ತುದಿಗೆ ಮುಟ್ಟಿ ತಿರುಗಿ ನಿಮ್ಮ ಕೈಗೇ ಬರುತ್ತದೆ. ಆ ತುದಿಯನ್ನು ಇನ್ನೊಬ್ಬರು ಹಿಡಿದು, ಬಂದ ಅಲೆಯ ಜೊತೆ ಕೈಯನ್ನು ಮೆತ್ತಗೆ ಬಿಟ್ಟುಕೊಟ್ಟರೆ ಅಲೆ ಅಲ್ಲೇ ಅಡಗುತ್ತದೆ. ರ‍್ಯಾಮ್ ಚಿಪ್ಪಿನೊಳಗೆ ಅಂಥ ಹಿಡಿಯುವ ಕೈಯೊಂದಿದೆ, ಬಂದ ಸಿಗ್ನಲನ್ನು ಅದು ಹೀರಿಕೊಳ್ಳುತ್ತದೆ. ರ‍್ಯಾಮ್ ತಂತಿಯ ಕೊನೆಯ ಸ್ಲಾಟಿನಲ್ಲಿದ್ದರೆ ಹಗ್ಗದ ತುದಿಯಲ್ಲೇ ಕೈ ಇದ್ದಂತೆ. ಮೊದಲ ಸ್ಲಾಟಿನಲ್ಲಿದ್ದರೆ ಅದರ ಆಚೆಗೆ ಖಾಲಿ ತಂತಿಯ ತುಂಡು ಉಳಿಯುತ್ತದೆ. ಸಿಗ್ನಲ್ ಅಲ್ಲಿಗೂ ಹೋಗಿ, ಬಡಿದು, ತಿರುಗಿ ಬಂದು ಹಿಂದಿನಿಂದ ಬರುತ್ತಿರುವ ಬಿಟ್ಟುಗಳ ಜೊತೆ ಬೆರೆಯುತ್ತದೆ. ಒಂದು ಬಿಟ್ ಬಾಳುವುದು ಒಂದು ನ್ಯಾನೋಸೆಕೆಂಡಿನ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು. ಅಷ್ಟರಲ್ಲಿ ಬೋರ್ಡಿನ ತಂತಿಯಲ್ಲಿ ಅದು ಸಾಗುವುದು ಐದು ಸೆಂಟಿಮೀಟರಿನ ಆಸುಪಾಸು. ಹಾಗಿರುವಾಗ ಬೆರಳಗಲದ ಖಾಲಿ ತುಂಡೂ ಲೆಕ್ಕಕ್ಕೆ ಬರುತ್ತದೆ.

ಇದು ಬರೀ ಪುಸ್ತಕದ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಫೋಟೋ ಸ್ಟುಡಿಯೋದ ಹುಡುಗನೊಬ್ಬ ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದಿದ್ದ. ಮದುವೆ ಫೋಟೋಗಳಲ್ಲಿ ಕೆಲವು ಅರ್ಧಕ್ಕೇ ಬೂದು ಬಣ್ಣಕ್ಕೆ ತಿರುಗುತ್ತಿದ್ದವು. ಮೇಲಿನರ್ಧದಲ್ಲಿ ಮದುಮಗಳ ಮುಖ, ಕೆಳಗೆ ಬರೀ ಪಟ್ಟಿ. ಬೇರೆಲ್ಲೋ ತೋರಿಸಿದ್ದಕ್ಕೆ ಹಾರ್ಡ್ ಡಿಸ್ಕ್ ಹೋಗಿದೆ ಎಂದು ಹೊಸದು ಹಾಕಿಸಿದ್ದರು, ತೊಂದರೆ ಹಾಗೇ ಇತ್ತು. ಅವನ ಕಣ್ಣಲ್ಲಿ ನೀರಿತ್ತು, ಮದುವೆ ಇನ್ನೊಮ್ಮೆ ನಡೆಯುವುದಿಲ್ಲವಲ್ಲ. ತೆರೆದು ನೋಡಿದರೆ 3600ರ ಎರಡು ರ‍್ಯಾಮ್, ಒಂದು ಮತ್ತು ಮೂರನೆಯ ಸ್ಲಾಟಿನಲ್ಲಿ, ಪೂರ್ತಿ ವೇಗಕ್ಕೆ ಇಟ್ಟಿದ್ದು. ಮೆಮ್‌ಟೆಸ್ಟ್86 ಎಂಬ, ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಓಡಿಸಿದೆ. ಕೆಲವೇ ನಿಮಿಷದಲ್ಲಿ ಕೆಂಪು ಸಾಲುಗಳು. ಅದೇ ರ‍್ಯಾಮುಗಳನ್ನು ಎರಡು ಮತ್ತು ನಾಲ್ಕಕ್ಕೆ ಬದಲಿಸಿ, ವೇಗ ಅಷ್ಟೇ ಇಟ್ಟು ಇಡೀ ರಾತ್ರಿ ಬಿಟ್ಟೆ. ಬೆಳಿಗ್ಗೆ ಬಂದು ನೋಡಿದರೆ ಒಂದು ತಪ್ಪೂ ಇರಲಿಲ್ಲ. ಮೂಲ ಫೋಟೋಗಳು ಕ್ಯಾಮೆರಾ ಕಾರ್ಡಿನಲ್ಲಿ ಇನ್ನೂ ಉಳಿದಿದ್ದವು, ಅದು ಅವನ ಪುಣ್ಯ. ಅಂದಿನಿಂದ ಯಾವ ಪೆಟ್ಟಿಗೆ ತೆರೆದರೂ ನಾನು ಮೊದಲು ನೋಡುವುದು ಸ್ಲಾಟನ್ನು.

ಮೊದಲ ಸ್ಲಾಟನ್ನು ಖಾಲಿ ಬಿಡಲು ಇನ್ನೊಂದು ಸಾದಾ ಕಾರಣವೂ ಇದೆ. ದೊಡ್ಡ ಕೂಲರ್ ಹಾಕಿದರೆ ಅದರ ಮೈ ಅದೇ ಸ್ಲಾಟಿನ ಮೇಲೆ ಚಾಚಿಕೊಳ್ಳುತ್ತದೆ.

ಆದರೆ ಎರಡು-ನಾಲ್ಕು ಎಂಬುದನ್ನು ಕಣ್ಣು ಮುಚ್ಚಿ ಪಾಲಿಸಬೇಡಿ. ಎರಡೂ ಸ್ಲಾಟಿಗೆ ಸಮ ಉದ್ದದ ಕವಲು ತಂತಿ ಎಳೆದ ಬೋರ್ಡುಗಳೂ ಇವೆ. ಕಚೇರಿಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಬ್ರಾಂಡೆಡ್ ಪೆಟ್ಟಿಗೆಗಳಲ್ಲಿ ಕಂಪನಿಯವರು ತಮ್ಮದೇ ಕ್ರಮದಲ್ಲಿ 1, 2, 3, 4 ಎಂದು ಅಂಕಿ ಕೊಟ್ಟಿರುತ್ತಾರೆ, ಸಾಲಾಗಿ ಎಣಿಸಿದರೆ ತಪ್ಪುತ್ತದೆ. ಅಂಥವುಗಳಲ್ಲಿ ಪಕ್ಕದ ಮುಚ್ಚಳದ ಒಳಮೈಗೆ ಚಿತ್ರ ಅಂಟಿಸಿದ್ದಾರೆಯೇ ನೋಡಿ. ಸ್ಲಾಟಿಗೆ ಎರಡು ಬಣ್ಣ ಇದ್ದರೆ ಒಂದೇ ಬಣ್ಣದವು ಸಾಮಾನ್ಯವಾಗಿ ಒಂದು ಜೋಡಿ, ಆದರೆ ಈಗ ನಾಲ್ಕನ್ನೂ ಕಪ್ಪು ಮಾಡಿಬಿಡುತ್ತಾರೆ. ಕೊನೆಯ ಮಾತು ಬೋರ್ಡಿನ ಮ್ಯಾನುಯಲ್‌ನದು. ಆ ಪುಸ್ತಕವನ್ನು ಡಬ್ಬದ ಜೊತೆ ಅಟ್ಟಕ್ಕೆ ಎಸೆದಿರುತ್ತಾರೆ. ಹುಡುಕಿ ತೆಗೆಯಿರಿ, ಸಿಗದಿದ್ದರೆ ಬೋರ್ಡಿನ ಮಾದರಿ ಹೆಸರು ಕೊಟ್ಟು ಕಂಪನಿಯ ತಾಣದಿಂದ ಇಳಿಸಿಕೊಳ್ಳಿ. ಒಂದು, ಎರಡು, ನಾಲ್ಕು ರ‍್ಯಾಮ್ ಇದ್ದರೆ ಎಲ್ಲೆಲ್ಲಿ ಹಾಕಬೇಕು ಎಂದು ಅದರಲ್ಲಿ ಕೋಷ್ಟಕವೇ ಇರುತ್ತದೆ.

ಇನ್ನು ಕೆಲಸ. ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ವೈರ್ ಕಿತ್ತು, ಪವರ್ ಬಟನನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗಲಿ. ಪೆಟ್ಟಿಗೆಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ. ನಿಲ್ಲಿಸಿಕೊಂಡೇ ಒತ್ತಿದರೆ ಬೋರ್ಡ್ ಬಾಗುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಾಯಿ ವಿದ್ಯುತ್ ಹೋಗುತ್ತದೆ. ಸ್ಲಾಟಿನ ಕ್ಲಿಪ್ ತೆರೆದು (ಕೆಲವಕ್ಕೆ ಒಂದೇ ಕಡೆ ಇರುತ್ತದೆ) ರ‍್ಯಾಮನ್ನು ನೇರ ಮೇಲಕ್ಕೆ ಎತ್ತಿ. ಅಂಚುಗಳಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಹಲ್ಲುಗಳಿಗೆ ಬೆರಳು ತಾಗಬಾರದು. ನಾಲ್ಕನೆಯ ಸ್ಲಾಟಿನ ನಡುವಿನ ಉಬ್ಬಿಗೂ ರ‍್ಯಾಮಿನ ಕಚ್ಚಿಗೂ ತಾಳೆ ನೋಡಿ ಇಳಿಸಿ, ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತಿ. ಟಕ್ ಎನ್ನಬೇಕು, ಕ್ಲಿಪ್ ತಾನಾಗಿ ಮುಚ್ಚಿಕೊಳ್ಳಬೇಕು. ಕೇಳುವ ಬಲ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚೇ. ಅರ್ಧ ಕೂತ ರ‍್ಯಾಮಿನಿಂದಲೇ ‘ಡಿಸ್ಪ್ಲೇ ಬರ್ತಿಲ್ಲ’ ಎಂದು ಗಾಬರಿಯಾಗಿ ಫೋನ್ ಮಾಡುವವರು ಬಹಳ.

ಚಾಲೂ ಆದ ಮೇಲೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿ, ಮೆಮೊರಿ ಪುಟ ನೋಡಿ. ಚಾನೆಲ್ ಎಂದಿರುವಲ್ಲಿ ‘ಡ್ಯುಯಲ್’ ಅಥವಾ ‘2 x 64 ಬಿಟ್’ ಎಂದಿದ್ದರೆ ಗೆದ್ದಿರಿ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ನಾಲ್ಕರಲ್ಲಿ ಎರಡು ಸ್ಲಾಟ್ ಬಳಕೆಯಲ್ಲಿದೆ ಎಂದಷ್ಟೇ ಹೇಳುತ್ತದೆ, ಯಾವ ಎರಡು ಎಂದು ಹೇಳುವುದಿಲ್ಲ.

2400 ಎಂದು ಬರುತ್ತಿರುವುದು ಬೇರೆ ವಿಷಯ. ರ‍್ಯಾಮಿನ ಮೇಲೆ ಬರೆದ 3200 ಎಷ್ಟೋ ಸ್ಟಿಕ್ಕುಗಳಲ್ಲಿ ತಾನಾಗಿ ಬರುವುದಿಲ್ಲ, ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ) ಹೋಗಿ ಒಪ್ಪಿಗೆ ಕೊಡಬೇಕು. ಎಕ್ಸ್‌ಎಂಪಿ, ಡಿಓಸಿಪಿ, ಎ-ಎಕ್ಸ್‌ಎಂಪಿ ಹೀಗೆ ಕಂಪನಿಗೊಂದು ಹೆಸರು, ಕೆಲಸ ಒಂದೇ. ಅದನ್ನು ಆನ್ ಮಾಡಿ ಸೇವ್ ಮಾಡಿ. 5600ಜಿ 3200ರವರೆಗೆ ಅಧಿಕೃತವಾಗಿಯೇ ನಡೆಸುತ್ತದೆ, ಹೆದರಬೇಡಿ. ಮೊದಲು ಸ್ಲಾಟ್ ಸರಿಮಾಡಿ, ಒಂದು ದಿನ ಕೆಲಸ ಮಾಡಿ, ಆಮೇಲೆ ಇದನ್ನು ಬದಲಿಸಿ. ಎರಡನ್ನೂ ಒಟ್ಟಿಗೆ ಮಾಡಿದರೆ ತೊಂದರೆ ಬಂದಾಗ ಯಾವುದರಿಂದ ಎಂದು ತಿಳಿಯದು.

ಇಷ್ಟಾದರೆ ಜೂಮ್ ಮಾಡುವಾಗ, ದೊಡ್ಡ ಫೋಟೋಗಳನ್ನು ಸರಿಸುವಾಗ ಬದಲಾವಣೆ ಕೈಗೇ ಗೊತ್ತಾಗುತ್ತದೆ. ನುಡಿಯಲ್ಲಿ ಟೈಪ್ ಮಾಡುವಾಗ ಏನೂ ಗೊತ್ತಾಗುವುದಿಲ್ಲ, ಆ ಆಸೆ ಬೇಡ.

ಪ್ರಶ್ನೆ: ಮೇಡಂ, ಹೊನ್ನಾವರದ ನಿವೃತ್ತ ಶಿಕ್ಷಕ ನಾನು. ಹಳೆಯ ಕಂಪ್ಯೂಟರ್, ಎಚ್81 ಬೋರ್ಡ್, ಸ್ಲಾಟ್ ಎರಡೇ. 4 ಜಿಬಿ ಇದೆ. ಅಳಿಯ 8 ಜಿಬಿಯ ಡಿಡಿಆರ್3 ತಂದುಕೊಟ್ಟಿದ್ದಾರೆ. ಎರಡನ್ನೂ ಹಾಕಬಹುದೇ? ದೊಡ್ಡದು ಯಾವ ಸ್ಲಾಟಿಗೆ?

ಉತ್ತರ: ಎರಡನ್ನೂ ಹಾಕಿ ಸರ್. ನಿಮ್ಮ ಬೋರ್ಡಿನಲ್ಲಿ ಒಂದೊಂದು ಸ್ಲಾಟೂ ಒಂದೊಂದು ಚಾನೆಲ್, ಆದ್ದರಿಂದ ದೊಡ್ಡದು ಅತ್ತ ಇದ್ದರೂ ಇತ್ತ ಇದ್ದರೂ ನಡೆಯುತ್ತದೆ. ಅಳತೆ ಬೇರೆ ಇದ್ದರೆ ಜೋಡಿ ಆಗುವುದಿಲ್ಲ ಎಂದು ಹಲವರು ಹೇಳುತ್ತಾರೆ, ಅದು ಪೂರ್ತಿ ಸರಿಯಲ್ಲ. ಇಂಟೆಲ್‌ನಲ್ಲಿ ಫ್ಲೆಕ್ಸ್ ಎಂಬ ವ್ಯವಸ್ಥೆ ಇದೆ. ಚಿಕ್ಕದರ 4 ಜಿಬಿ, ದೊಡ್ಡದರ 4 ಜಿಬಿ ಸೇರಿ 8 ಜಿಬಿ ಜೋಡಿ ದಾರಿಯಲ್ಲಿ ಓಡುತ್ತದೆ, ದೊಡ್ಡದರಲ್ಲಿ ಉಳಿದ 4 ಒಂಟಿ ದಾರಿಯಲ್ಲಿ. ವೇಗ ಬೇರೆಬೇರೆ ಇದ್ದರೆ ಎರಡೂ ನಿಧಾನದ್ದರ ಹೆಜ್ಜೆಗೆ ಹೊಂದಿಕೊಳ್ಳುತ್ತವೆ. ಹಾಕಿದ ಮೇಲೂ ಮೂರೂ ಚಿಲ್ಲರೆ ಜಿಬಿ ಮಾತ್ರ ತೋರಿಸಿದರೆ ನಿಮ್ಮ ವಿಂಡೋಸ್ 32 ಬಿಟ್ಟಿನದು ಎಂದರ್ಥ, 64 ಬಿಟ್ಟಿನದು ಹಾಕಿಸಬೇಕು.

ನಿಮ್ಮದು ಕಡಲ ಕರೆ. ಉಪ್ಪುಗಾಳಿ, ಮೇಲಿಂದ ಮಳೆಗಾಲ. ಹಳೆಯ ರ‍್ಯಾಮನ್ನು ವರ್ಷಗಟ್ಟಲೆ ತೆಗೆದಿರುವುದಿಲ್ಲ, ಹಲ್ಲುಗಳ ಮೇಲೆ ಮಾಸಲು ಪೊರೆ ಕಟ್ಟಿರುತ್ತದೆ. ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒಣ ಬ್ರಷ್‌ನಿಂದ ಪೂರ್ತಿ ಒರೆಸಿ, ಆಮೇಲೆ ಹಾಕಿ. ಸ್ಲಾಟಿನೊಳಗೆ ಬಟ್ಟೆ, ಪಿನ್ ಏನೂ ತೂರಿಸಬೇಡಿ. ಅಲ್ಲಿನ ಒಂದು ಎಳೆ ಬಾಗಿದರೆ ಬೋರ್ಡೇ ಹೋಗುತ್ತದೆ.

ಪ್ರಶ್ನೆ: ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ರೈಜೆನ್ 7 7700, ಡಿಡಿಆರ್5 16 ಜಿಬಿಯ ಎರಡು ರ‍್ಯಾಮ್, 5200 ವೇಗ. ಪ್ರಾಜೆಕ್ಟಿಗೆ 64 ಜಿಬಿ ಬೇಕು. ಖಾಲಿ ಇರುವ ಎರಡು ಸ್ಲಾಟಿಗೆ ಇನ್ನೆರಡು 16 ಹಾಕಿದರೆ ಸಾಕಲ್ಲವೇ? ಡಿಡಿಆರ್5ರಲ್ಲಿ ಒಂದು ಸ್ಟಿಕ್ಕೇ ಡ್ಯುಯಲ್ ಚಾನೆಲ್ ಅನ್ನುತ್ತಾರೆ, ನಿಜವೇ?

ಉತ್ತರ: ಸ್ಲಾಟ್ ಖಾಲಿ ಇದೆ ಎಂದು ತುಂಬಬೇಡಿ ತಮ್ಮಾ. ನಿಮ್ಮ ಪ್ರಾಸೆಸರಿಗೆ ಎಎಂಡಿ ಕೊಟ್ಟಿರುವ ಅಧಿಕೃತ ವೇಗ ಎರಡು ರ‍್ಯಾಮ್ ಇದ್ದರೆ 5200, ನಾಲ್ಕು ಇದ್ದರೆ 3600. ಒಂದೇ ತಂತಿಗೆ ಎರಡೆರಡು ಹೊರೆ ಬಿದ್ದಾಗ ಸಿಗ್ನಲ್ ಮಸುಕಾಗುತ್ತದೆ, ಡಿಡಿಆರ್5ರ ವೇಗದಲ್ಲಿ ಅದನ್ನು ತಡೆದುಕೊಳ್ಳುವುದು ಕಷ್ಟ. ನಾಲ್ಕು ಹಾಕಿ ಹೆಚ್ಚು ವೇಗಕ್ಕೆ ಓಡಿಸುವವರು ಇದ್ದಾರೆ, ಅದು ನಿಮ್ಮ ಬೋರ್ಡ್ ಮತ್ತು ಅದೃಷ್ಟಕ್ಕೆ ಬಿಟ್ಟದ್ದು. ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಅದೃಷ್ಟ ನಂಬುವುದು ಬೇಡ. ಈಗಿರುವ ಜೋಡಿ ಮಾರಿ, 32ರ ಎರಡು ಒಂದೇ ಪ್ಯಾಕಿನಲ್ಲಿ ತನ್ನಿ. ಎರಡು ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿ.

ಒಂದು ಸ್ಟಿಕ್ಕೇ ಡ್ಯುಯಲ್ ಎನ್ನುವುದು ಅರ್ಧ ಸತ್ಯ. ಡಿಡಿಆರ್5 ತನ್ನ 64 ತಂತಿಗಳನ್ನು 32ರ ಎರಡು ಪಾಲು ಮಾಡಿಕೊಂಡಿದೆ, ಅಷ್ಟೇ. ಒಟ್ಟು ಅಗಲ ಹೆಚ್ಚಲಿಲ್ಲ. ಎರಡೂ ಚಾನೆಲಿನ ಪೂರ್ತಿ 128 ತಂತಿ ಬೇಕಾದರೆ ಎರಡು ಸ್ಟಿಕ್ ಬೇಕೇ ಬೇಕು. ಸಿಪಿಯು-ಝಡ್‌ನಲ್ಲಿ ಆಗ ‘4 x 32 ಬಿಟ್’ ಎಂದು ಬರುತ್ತದೆ.

ಇನ್ನೊಂದು ಮಾತನ್ನು ಮರೆಯಬೇಡಿ. ಡಿಡಿಆರ್5 ಬದಲಿಸಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ, ಬೋರ್ಡಿನ ಮೂಲೆಯಲ್ಲಿ ಡಿ-ರ‍್ಯಾಮ್ ಎಂಬ ದೀಪ ಉರಿಯುತ್ತಿರುತ್ತದೆ. ಬೋರ್ಡ್ ಆಗ ಒಂದೊಂದು ತಂತಿಯ ಸಮಯವನ್ನೂ ಅಳೆದು ಹೊಂದಿಸಿಕೊಳ್ಳುತ್ತಿರುತ್ತದೆ. ಹಲವು ನಿಮಿಷ ಹಿಡಿಯಬಹುದು. ಆ ಹೊತ್ತಿನಲ್ಲಿ ಸ್ವಿಚ್ ಆರಿಸಬೇಡಿ. ಕರೆಂಟ್ ಹೋಗಿ ಬರುವ ಹೊತ್ತಾದರೆ ಯುಪಿಎಸ್‌ಗೆ ಹಾಕಿಕೊಂಡೇ ಶುರು ಮಾಡಿ.

ಪ್ರಶ್ನೆ: ಮಗಳ ಲ್ಯಾಪ್‌ಟಾಪಿನಲ್ಲಿ 8 ಜಿಬಿ ಬೋರ್ಡಿಗೇ ಬೆಸುಗೆ ಹಾಕಿದೆಯಂತೆ, ಖಾಲಿ ಸ್ಲಾಟ್ ಒಂದು ಇದೆ. 16 ಹಾಕುವುದೋ 8 ಹಾಕುವುದೋ? (ಓದುಗರು, ಯಲ್ಲಾಪುರ)

ಉತ್ತರ: ಇಲ್ಲಿ ಸ್ಲಾಟ್ ಆರಿಸುವ ಗೋಜಿಲ್ಲ. 8 ಹಾಕಿದರೆ 16 ಜಿಬಿಯೂ ಸಮ ಜೋಡಿ, ಓದು, ಆನ್‌ಲೈನ್ ಕ್ಲಾಸು, ಸಣ್ಣಪುಟ್ಟ ಪ್ರೋಗ್ರಾಮಿಂಗ್‌ಗೆ ಧಾರಾಳ. ವಿಡಿಯೋ ಎಡಿಟಿಂಗ್ ಮಾಡುತ್ತಾಳೆಂದರೆ ಮಾತ್ರ 16 ತನ್ನಿ, ಮೊದಲ 16 ಜೋಡಿಯಾಗಿ ಓಡಿ ಉಳಿದ 8 ಒಂಟಿಯಾಗುತ್ತದೆ. ಡಿಡಿಆರ್4 ಲ್ಯಾಪ್‌ಟಾಪ್ ರ‍್ಯಾಮಿಗೆ 260 ಪಿನ್, ಡಿಡಿಆರ್5ರದ್ದಕ್ಕೆ 262. ಕಣ್ಣಿಗೆ ಒಂದೇ ಥರ ಕಂಡರೂ ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ, ಕೊಳ್ಳುವ ಮುಂಚೆ ಸಿಪಿಯು-ಝಡ್‌ನಲ್ಲಿ ನೋಡಿ ಬರೆದುಕೊಂಡು ಹೋಗಿ. ಹಿಂದಿನ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಚ್ಚಿ, ಆಮೇಲೆ ಸ್ಲಾಟಿಗೆ ಕೈ ಹಾಕಿ.